ಮುಖ ನೋಡಿ ತಪಾಸಣೆ ಮಾಡಿದರೆ ವಿಮಾನ ಸುರಕ್ಷಿತವೇ?

ಪ್ರಶ್ನೆ: ನನ್ನ ಮಗ ಆರು ವರ್ಷದಿಂದ ಅಮೆರಿಕದಲ್ಲಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ಕೆಲಸದ ಮೇಲೆ ತಿಂಗಳಿಗೆರಡು ಸಲವಾದರೂ ವಿಮಾನ ಹತ್ತುತ್ತಾನೆ. ಜೊತೆಯವರೆಲ್ಲ ಸಲೀಸಾಗಿ ದಾಟಿ ಹೋದರೂ ಇವನನ್ನು ಪಕ್ಕಕ್ಕೆ ಕರೆದು ಮೈ ತಡವಿ ನೋಡುತ್ತಾರಂತೆ. ಯಾಕೆಂದು ಕೇಳಿದರೆ 'ರ‍್ಯಾಂಡಮ್ ಚೆಕ್' ಅನ್ನುತ್ತಾರಂತೆ. ನನಗೆ ಸಂಕಟವಾಗುತ್ತದೆ. ನಮ್ಮ ಯಜಮಾನರು ಮಾತ್ರ, '2001ರಲ್ಲಿ ಅಷ್ಟು ದೊಡ್ಡ ದಾಳಿ ಮಾಡಿದವರು ನೋಡೋಕೆ ಹಾಗೇ ಇದ್ದರು. ಅವರ ದೇಶ, ಅವರ ಭಯ. ಎರಡು ನಿಮಿಷ ನಿಂತರೆ ಇವನ ಗಂಟೇನು ಹೋಗುತ್ತೆ?' ಅನ್ನುತ್ತಾರೆ. ಅವರ ಮಾತು ಸರಿಯೇ? ಮಗ ಏನಾದರೂ ಮಾಡಬಹುದೇ?
– ಒಬ್ಬ ತಾಯಿ

ಉತ್ತರ: ಯಜಮಾನರ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ ತಾಯಿ, ಒಳ್ಳೆಯ ಮನಸ್ಸಿನವರೂ ಜಾರುವುದು ಅಲ್ಲೇ. 2001ರ ಸೆಪ್ಟೆಂಬರ್ 11ರಂದು ವಿಮಾನಗಳನ್ನು ಅಪಹರಿಸಿದ 19 ಮಂದಿ ಅರಬ್ ದೇಶಗಳವರು ಎಂಬುದು ನಿಜ. ಆದರೆ 'ದಾಳಿ ಮಾಡಿದವರು ಅರಬರು' ಎನ್ನುವುದಕ್ಕೂ 'ಅರಬರ ಹಾಗೆ ಕಾಣುವವರು ದಾಳಿ ಮಾಡುತ್ತಾರೆ' ಎನ್ನುವುದಕ್ಕೂ ಅಜಗಜಾಂತರ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಈಗ ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ತಪಾಸಣೆ ದಾಟುತ್ತಾರೆ. ಅವರಲ್ಲಿ ನಿಮ್ಮ ಮಗನ ಬಣ್ಣದವರು ಎಷ್ಟು ಸಾವಿರವೋ. ಬಾಂಬ್ ಹೊತ್ತು ಬರುವವನು ವರ್ಷಗಟ್ಟಲೆ ಕಾದರೂ ಒಬ್ಬ ಸಿಗುವುದು ಅಪರೂಪ. ಅಂಥವನನ್ನು ಬಣ್ಣದಿಂದ ಹುಡುಕಲು ಹೊರಟರೆ ಸಿಬ್ಬಂದಿಯ ಹೊತ್ತೆಲ್ಲ ನಿರಪರಾಧಿಗಳ ಮೈ ತಡವುವುದರಲ್ಲೇ ಕಳೆಯುತ್ತದೆ.

ಇನ್ನೊಂದು ಮಾತು. ಇಂಥ ಮುಖದವರನ್ನು ಮಾತ್ರ ನೋಡುತ್ತಾರೆ ಎಂದು ಗೊತ್ತಾದ ದಿನವೇ ಸಂಚುಗಾರ ಬೇರೆ ಮುಖ ಹುಡುಕುತ್ತಾನೆ. 1972ರ ಮೇ 30ರಂದು ಇಸ್ರೇಲಿನ ಲಾಡ್ ವಿಮಾನ ನಿಲ್ದಾಣಕ್ಕೆ ಬಂದಿಳಿದ ಮೂವರು ಜಪಾನೀಯರು ಪಿಟೀಲು ಪೆಟ್ಟಿಗೆಗಳಿಂದ ಬಂದೂಕು ತೆಗೆದು 26 ಜನರನ್ನು ಕೊಂದರು. ಪ್ಯಾಲೆಸ್ಟೀನಿ ಸಂಘಟನೆಯ ಪರವಾಗಿ ಜಪಾನೀಯರು ಬಂದಾರೆಂದು ಅಂದು ಯಾರೂ ಎಣಿಸಿರಲಿಲ್ಲ.

ಇಸ್ರೇಲ್ ಹೀಗೇ ಮಾಡುತ್ತದಲ್ಲ ಎಂದು ಯಜಮಾನರು ಕೇಳಬಹುದು. ಮಾಡುತ್ತದೆ, ಅರಬ್ ಪ್ರಯಾಣಿಕರು ಅಲ್ಲಿ ಪಡುವ ಪಾಡು ಚಿಕ್ಕದಲ್ಲ. ಆದರೆ ಅದರ ಎಲ್ ಆಲ್ ವಿಮಾನ ಸಂಸ್ಥೆ ಹಿಡಿದ ಬಹು ಪ್ರಸಿದ್ಧ ಪ್ರಕರಣವನ್ನೇ ನೋಡಿ. 1986ರ ಏಪ್ರಿಲ್, ಲಂಡನ್ನಿನ ಹೀಥ್ರೂ. ವಿಮಾನ ಹತ್ತಲು ಬಂದವಳು ಗರ್ಭಿಣಿ ಐರಿಷ್ ಯುವತಿ. ಹೀಥ್ರೂವಿನ ತಪಾಸಣೆ ದಾಟಿ ಬಂದಿದ್ದಳು. ಎಲ್ ಆಲ್ ಸಿಬ್ಬಂದಿ ಆಕೆಯನ್ನು ಪ್ರಶ್ನಿಸಿ, ಬ್ಯಾಗಿನಲ್ಲಿದ್ದುದನ್ನೆಲ್ಲ ಹೊರಗಿಟ್ಟರು. ಖಾಲಿ ಬ್ಯಾಗು ಎತ್ತಿದರೆ ಇನ್ನೂ ಭಾರ! ತಳದಲ್ಲಿ ಸುಮಾರು ಒಂದೂವರೆ ಕಿಲೋ ಸೆಮ್‌ಟೆಕ್ಸ್ ಸ್ಫೋಟಕವಿತ್ತು. ಮದುವೆಯಾಗುತ್ತೇನೆಂದು ನಂಬಿಸಿದ್ದ ಗೆಳೆಯ ಅವಳಿಗೇ ತಿಳಿಯದಂತೆ ಅದನ್ನು ಅಡಗಿಸಿ ಕಳಿಸಿದ್ದ. ಆ ವಿಮಾನದಲ್ಲಿದ್ದ ನೂರಾರು ಜೀವಗಳು ಉಳಿದದ್ದು ಒಬ್ಬ ಅಧಿಕಾರಿ ಬ್ಯಾಗಿನ ತೂಕಕ್ಕೆ ಗಮನ ಕೊಟ್ಟಿದ್ದರಿಂದ. ಮುಖ ನೋಡಿ ಬಿಡುವವರಾಗಿದ್ದರೆ ಅವಳನ್ನು ಮೊದಲು ಬಿಡುತ್ತಿದ್ದರು.

ಅಮೆರಿಕದ ಅನುಭವವೂ ಇದನ್ನೇ ಹೇಳುತ್ತದೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಕಸ್ಟಮ್ಸ್‌ನವರು ಮಾದಕ ವಸ್ತು ಹುಡುಕಲು ಕಪ್ಪು ಮಹಿಳೆಯರನ್ನು ಎಷ್ಟು ಗೋಳಾಡಿಸಿದರೆಂದರೆ, ಮೈ ತಡವಿದ ನಂತರ ಎಕ್ಸ್‌ರೇಗೆ ಕಳಿಸುವಾಗ ಕಪ್ಪು ಅಮೆರಿಕನ್ ಮಹಿಳೆಯರನ್ನು ಬಿಳಿಯ ಅಮೆರಿಕನ್ ಮಹಿಳೆಯರಿಗಿಂತ 9 ಪಟ್ಟು ಹೆಚ್ಚಾಗಿ ಕಳಿಸಿದ್ದರು. ಮಾಲು ಸಿಕ್ಕಿದ್ದು ಮಾತ್ರ ಬಿಳಿಯರ ಬಳಿ ಸಿಕ್ಕಿದ್ದರ ಅರ್ಧದಷ್ಟೂ ಇಲ್ಲ. ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ 2000ದಲ್ಲಿ ಬಯಲಿಗಿಟ್ಟ ಅಂಕಿ ಇದು. ಆಗ ಕಸ್ಟಮ್ಸ್ ಮುಖ್ಯಸ್ಥರಾಗಿದ್ದ ರೇಮಂಡ್ ಕೆಲ್ಲಿ ನಿಯಮ ಬದಲಿಸಿದರು: ನಿರ್ದಿಷ್ಟ ಮಾಹಿತಿ, ಹೇಳಿಕೆಯಲ್ಲಿ ತಾಳಮೇಳವಿಲ್ಲದಿರುವುದು, ನಾಯಿ ಮೂಸಿ ಗುರುತಿಸುವುದು, ಇಂಥ ಕಾರಣ ಬೇಕು, ಶೋಧಕ್ಕೆ ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಶೋಧಗಳು ಮುಕ್ಕಾಲು ಪಾಲು ಇಳಿದವು, ಶೋಧಿಸಿದವರಲ್ಲಿ ಮಾಲು ಸಿಕ್ಕುವ ಪ್ರಮಾಣ ಎರಡು ಪಟ್ಟಿಗೂ ಮೇಲೇರಿತು.

ಇಷ್ಟು ಗೊತ್ತಿದ್ದೂ 2002ರಲ್ಲಿ ಅದೇ ದೇಶ 25 ದೇಶಗಳ ಗಂಡಸರನ್ನು ಕರೆಸಿ ಬೆರಳಚ್ಚು, ಫೋಟೊ ತೆಗೆದುಕೊಂಡು ನೋಂದಾಯಿಸಿತು. ಉತ್ತರ ಕೊರಿಯಾ ಒಂದನ್ನು ಬಿಟ್ಟರೆ ಉಳಿದ 24ರಲ್ಲೂ ಮುಸ್ಲಿಮರೇ ಬಹುಸಂಖ್ಯಾತರು. 80 ಸಾವಿರಕ್ಕೂ ಹೆಚ್ಚು ಮಂದಿ ತಾವಾಗಿಯೇ ಹೋಗಿ ಸಾಲಿನಲ್ಲಿ ನಿಂತರು. 13 ಸಾವಿರಕ್ಕೂ ಹೆಚ್ಚು ಜನರ ಮೇಲೆ ಗಡೀಪಾರು ಪ್ರಕ್ರಿಯೆ ಶುರುವಾಯಿತು. ಭಯೋತ್ಪಾದನೆಯ ಅಪರಾಧ ಸಾಬೀತಾದದ್ದು ಒಬ್ಬರ ಮೇಲೂ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಪರಿಣಾಮ. 2009ರ ಕ್ರಿಸ್ಮಸ್ ದಿನ ಡೆಟ್ರಾಯಿಟ್‌ಗೆ ಹೊರಟ ವಿಮಾನದಲ್ಲಿ ಒಬ್ಬ ನೈಜೀರಿಯಾದ ಯುವಕ ಒಳಉಡುಪಿನಲ್ಲಿ ಸ್ಫೋಟಕ ಇಟ್ಟುಕೊಂಡಿದ್ದ. ಅದಕ್ಕೆ ಒಂದು ತಿಂಗಳ ಹಿಂದೆ ಅವನ ಸ್ವಂತ ತಂದೆ, ಒಬ್ಬ ಮುಸ್ಲಿಂ, ಅಬುಜಾದ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ 'ಮಗ ದಾರಿ ತಪ್ಪಿದ್ದಾನೆ, ನೋಡಿಕೊಳ್ಳಿ' ಎಂದು ಎಚ್ಚರಿಸಿದ್ದರು. ಕಚೇರಿಯವರು ಅದನ್ನು ಕಡತಕ್ಕೆ ಸೇರಿಸಿದರು, ವೀಸಾ ರದ್ದು ಮಾಡಲಿಲ್ಲ. ಮಗನ ವಿಷಯ ಹೇಳಲು ಆ ಬಾಗಿಲು ತಟ್ಟುವ ತಂದೆಗೆ ಎಂಥ ಧೈರ್ಯ ಬೇಕು! ಒಂದು ಸಮುದಾಯವನ್ನೇ ಶಂಕಿತರೆಂದು ಸಾಲಿನಲ್ಲಿ ನಿಲ್ಲಿಸಿದರೆ, ನಾಳೆ ಇಂಥ ತಂದೆ ಮನೆಯಿಂದ ಹೊರಡುವುದೇ ಇಲ್ಲ.

'ಎರಡು ನಿಮಿಷ' ಎಂಬ ಮಾತಿಗೆ ನಾರ್ಮನ್ ಮಿನೆಟಾ ಅವರನ್ನು ನೆನೆಯುತ್ತೇನೆ. 1942ರಲ್ಲಿ ಅಮೆರಿಕ ಜಪಾನೀ ಮೂಲದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಿತು. ಮೂರರಲ್ಲಿ ಎರಡು ಪಾಲು ಅಲ್ಲಿನ ಪ್ರಜೆಗಳೇ. ಸ್ಯಾನ್ ಹೋಸೆಯ ರೈಲು ಹತ್ತಿದವರಲ್ಲಿ ಸ್ಕೌಟ್ ಸಮವಸ್ತ್ರ ತೊಟ್ಟ, ಕೈಯಲ್ಲಿ ಬೇಸ್‌ಬಾಲ್ ಬ್ಯಾಟು ಹಿಡಿದ ಹತ್ತು ವರ್ಷದ ಹುಡುಗನಿದ್ದ. ಸೈನಿಕರು ಬ್ಯಾಟನ್ನು ಆಯುಧವೆಂದು ಕಸಿದುಕೊಂಡರು. ಆ ಹುಡುಗನೇ 2001ರಲ್ಲಿ ಅಮೆರಿಕದ ಸಾರಿಗೆ ಸಚಿವ. ಸೆಪ್ಟೆಂಬರ್ 11ರಂದು ಹಾರಾಡುತ್ತಿದ್ದ ವಿಮಾನಗಳನ್ನೆಲ್ಲ ಇಳಿಸಲು ಹೇಳಿದವರೂ ಅವರೇ, ಜನಾಂಗ ನೋಡಿ ಪ್ರಯಾಣಿಕರನ್ನು ಆರಿಸಬಾರದೆಂದು ಪಟ್ಟು ಹಿಡಿದು ನಿಂತವರೂ ಅವರೇ. ಆ ಬ್ಯಾಟನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ. ನಿಮ್ಮ ಮಗನ ಎರಡು ನಿಮಿಷವೂ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ಯಜಮಾನರಿಗೆ ಹೇಳಿ.

ಇನ್ನು ಮಗ ಮಾಡಬಹುದಾದದ್ದು. ಬೋರ್ಡಿಂಗ್ ಪಾಸ್ ಮೇಲೆ 'ಎಸ್‌ಎಸ್‌ಎಸ್‌ಎಸ್' ಎಂಬ ನಾಲ್ಕು ಅಕ್ಷರ ಇರುತ್ತವೆಯೇ ನೋಡಲಿ. ಇದ್ದರೆ ಆಯ್ಕೆ ಆದದ್ದು ಕಂಪ್ಯೂಟರಿನಲ್ಲಿ. ಮೇಲಿಂದ ಮೇಲೆ ಬಂದರೆ ಶಂಕಿತರ ಪಟ್ಟಿಯ ಯಾರದೋ ಹೆಸರು ಇವನ ಹೆಸರಿಗೆ ಹೋಲುತ್ತಿರಬಹುದು. ಸೆನೆಟರ್ ಎಡ್ವರ್ಡ್ ಕೆನಡಿಯವರನ್ನೇ 2004ರಲ್ಲಿ ಹೀಗೆ ಹಲವು ಸಲ ತಡೆದಿದ್ದರು. ಇದಕ್ಕೆ ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಇಲಾಖೆಯ 'ಟ್ರಿಪ್' ಎಂಬ ದೂರು ವ್ಯವಸ್ಥೆಯಿದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ, ಹೆಸರಿನ ಗೊಂದಲ ಬಿಡಿಸಲು ಒಂದು ರಿಡ್ರೆಸ್ (ಪರಿಹಾರ) ನಂಬರ್ ಕೊಡುತ್ತಾರೆ.

ಆ ಅಕ್ಷರಗಳಿಲ್ಲದೆ, ಸ್ಕ್ಯಾನರ್ ಕೂಗದೆ, ಪ್ರತಿ ಸಲ ಇವನನ್ನೇ ಕರೆದರೆ ನನಗೂ ಅನುಮಾನ ಬರುತ್ತದೆ. ತಪಾಸಣೆ ನಡೆಸುವ ಟಿಎಸ್‌ಎ ಸಂಸ್ಥೆಯ ನೀತಿಯೇ ಜನಾಂಗ, ಧರ್ಮ ನೋಡಿ ಆರಿಸುವುದನ್ನು ಒಪ್ಪುವುದಿಲ್ಲ. ಅಲ್ಲಿ ಜಗಳ ಬೇಡ, ಬಾಂಬಿನ ಹೆಸರೆತ್ತಿ ತಮಾಷೆಯಂತೂ ಬೇಡವೇ ಬೇಡ. ಸೂಪರ್‌ವೈಸರ್‌ ಅನ್ನು ಕರೆಸಲು ಕೇಳಬಹುದು. ಮೈ ತಡವುವುದಾದರೆ ಪ್ರತ್ಯೇಕ ಕೋಣೆಯಲ್ಲಿ, ಜೊತೆಗಾರನ ಎದುರಿನಲ್ಲಿ ಎಂದು ಕೇಳುವ ಹಕ್ಕಿದೆ. ದಿನಾಂಕ, ಹೊತ್ತು, ಗೇಟು, ಅಧಿಕಾರಿ ಆಡಿದ ಮಾತು, ಇಷ್ಟನ್ನು ಕೂತ ತಕ್ಷಣ ಫೋನಿನಲ್ಲಿ ಬರೆದಿಡಲಿ, ಟಿಎಸ್‌ಎಯ ನಾಗರಿಕ ಹಕ್ಕುಗಳ ವಿಭಾಗಕ್ಕೆ ಕಳಿಸಲಿ. ವಿಮಾನ ಸಂಸ್ಥೆಯವರೇ ಹೀಗೆ ನಡೆದುಕೊಂಡರೆ ದೂರು ಹೋಗಬೇಕಾದದ್ದು ಸಾರಿಗೆ ಇಲಾಖೆಗೆ. 2001ರ ನಂತರ ಇಂಥ ದೂರುಗಳ ಮೇಲೆಯೇ ಎರಡು ದೊಡ್ಡ ಸಂಸ್ಥೆಗಳು ಸಿಬ್ಬಂದಿ ತರಬೇತಿಗೆ ತಲಾ 15 ಲಕ್ಷ ಡಾಲರ್ ಖರ್ಚು ಮಾಡಲು ಒಪ್ಪಬೇಕಾಯಿತು.

ಗಡ್ಡ ಬೋಳಿಸಿಕೋ ಎಂದು ಮಾತ್ರ ಹೇಳಬೇಡಿ ತಾಯಿ.

ಪ್ರಶ್ನೆ: ಮುಖ ಬೇಡ, ವರ್ತನೆ ನೋಡಿ ಹಿಡಿಯಬಹುದಲ್ಲ?
– ನಿವೃತ್ತ ಪೊಲೀಸ್ ಸಿಬ್ಬಂದಿ

ಉತ್ತರ: ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸದಿರುವುದು, ಟಿಕೆಟ್ಟಿಗೂ ಮಾತಿಗೂ ಹೊಂದದಿರುವುದು, ಇವನ್ನು ನೋಡುವುದು ಸರಿಯೇ. ಬೆವರು, ಕಣ್ಣು ತಪ್ಪಿಸುವುದು, ಚಡಪಡಿಕೆ ನೋಡಿ ಹಿಡಿಯುತ್ತೇವೆ ಎಂದು ಟಿಎಸ್‌ಎ 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿಯಿತು. ಅಂಥ ಲಕ್ಷಣಗಳಿಂದ ಕಪಟ ಪತ್ತೆ ಮಾಡುವುದು ನಾಣ್ಯ ಚಿಮ್ಮಿ ಹೇಳಿದಷ್ಟೇ ಅಥವಾ ಅದಕ್ಕಿಂತ ತುಸು ಮೇಲು ಎಂದು ಲೆಕ್ಕ ಪರಿಶೋಧಕರು 2013ರಲ್ಲಿ ವರದಿ ಮಾಡಿದರು. ಹತ್ತು ಸಲ ಪಕ್ಕಕ್ಕೆ ಕರೆಸಿಕೊಂಡವನು ಹನ್ನೊಂದನೆಯ ಸಲ ಬೆವರದೆ ಇರುತ್ತಾನೆಯೇ? ಅವನ ಬೆವರನ್ನೇ ಸಾಕ್ಷಿ ಮಾಡಿದರೆ ಮತ್ತೆ ಬಣ್ಣಕ್ಕೇ ಬಂದು ನಿಂತಂತಾಯಿತು.