ಜುಲೈ ಬಿಸಿಲು, ಬಾಡಿಗೆ ಆರ್‌ವಿ, ಜೊತೆಗೊಂದು ಪಗ್

ನಮಸ್ಕಾರ. ಸ್ಯಾನ್ ಹೋಸೆಯಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಜುಲೈನಲ್ಲಿ ಆರ್‌ವಿ (ಮಲಗಲು, ಅಡುಗೆಗೆ ಸೌಕರ್ಯವಿರುವ ಮನೆಯಂಥ ಗಾಡಿ) ಬಾಡಿಗೆಗೆ ತಗೊಂಡು ಹೋಗ್ತಿದ್ದೀವಿ, ಪಗ್ ನಾಯಿಯನ್ನು ಎಸಿ ಹಾಕಿ ಒಳಗೆ ಬಿಟ್ಟು ಸುತ್ತಾಡಿ ಬರಬಹುದಾ ಅಂತ ಕೇಳಿದ್ದೀರಿ. ಒಂದೆರಡು ಗಂಟೆ ಬಿಡಬಹುದು, ಆದರೆ ಕೆಳಗಿನದನ್ನೆಲ್ಲ ಮಾಡಿದ ಮೇಲೆ ಮಾತ್ರ.

ಆರ್‌ವಿಯ ಎಸಿ ತಂಪು ಮಾಡುತ್ತೆ, ಅದರಲ್ಲಿ ಅನುಮಾನ ಬೇಡ. ಭಯ ಇರುವುದು ನೀವಿಲ್ಲದ ಹೊತ್ತಲ್ಲಿ ಕರೆಂಟ್ ಹೋದರೆ ಅನ್ನೋದು. ಅಮೆರಿಕದಲ್ಲಿ ಕರೆಂಟ್ ಹೋಗಲ್ಲ ಅನ್ನುವ ನಂಬಿಕೆಯನ್ನು ಆರ್‌ವಿ ಪಾರ್ಕಿನ (ಗಾಡಿ ನಿಲ್ಲಿಸಿ, ಕರೆಂಟ್ ಸಂಪರ್ಕ ಪಡೆದು ತಂಗುವ ಜಾಗ) ಗೇಟಿನಲ್ಲೇ ಬಿಟ್ಟು ಒಳಗೆ ಬನ್ನಿ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖ ಅಳೆದಿದ್ದರು. ಒಂದು ಗಂಟೆಯಲ್ಲಿ ಸರಾಸರಿ 40 ಡಿಗ್ರಿ ಫ್ಯಾರನ್‌ಹೀಟ್ ಏರಿತ್ತು, ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಒಂದಿಷ್ಟು ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆರ್‌ವಿ ದೊಡ್ಡದು, ಕಾಯುವುದು ಸ್ವಲ್ಪ ನಿಧಾನ. ಆದರೆ ಅದರ ಗೋಡೆ ಎರಡು ಇಂಚಿನ ಆಸುಪಾಸು ಅಷ್ಟೆ, ಅದನ್ನು ಮನೆ ಅಂತ ಲೆಕ್ಕ ಹಾಕಬೇಡಿ.

ಕರೆಂಟ್ ಏಕೆ ಹೋಗುತ್ತೆ? ಸಾಮಾನ್ಯವಾಗಿ ನಮ್ಮ ಕೈಯಿಂದಲೇ. ನಿಮಗೆ ಸಿಗುವ ಬಾಡಿಗೆ ಗಾಡಿ ಬಹುಶಃ 30 ಆಂಪಿನದು, ಅಂದರೆ 120 ವೋಲ್ಟ್‌ನಲ್ಲಿ ಒಟ್ಟು 3,600 ವ್ಯಾಟ್. ಛಾವಣಿಯ 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಸಿ ಒಂದೇ 13ರಿಂದ 15 ಆಂಪ್ ಎಳೆಯುತ್ತೆ. ವಾಟರ್ ಹೀಟರ್ ಕರೆಂಟಿನಲ್ಲಿದ್ದರೆ ಇನ್ನೊಂದು 12, ಮೈಕ್ರೋವೇವ್ 12-13, ಬ್ಯಾಟರಿ ಚಾರ್ಜರ್ ಮತ್ತು ಫ್ರಿಜ್ ಸೇರಿ ಏಳೆಂಟು. ಇದರ ಮೇಲೆ ಅನ್ನಕ್ಕೆ ಇನ್‌ಸ್ಟಂಟ್ ಪಾಟ್ ಇಟ್ಟರೆ ಬ್ರೇಕರ್ ಬಿದ್ದಂತೆಯೇ. ನಾಯಿಯನ್ನು ಒಳಗೆ ಬಿಟ್ಟು ಹೊರಡುವ ಮುಂಚೆ ವಾಟರ್ ಹೀಟರ್ ಆರಿಸಿ, ಫ್ರಿಜ್ ಕರೆಂಟಿನ ಬದಲು ಗ್ಯಾಸಿನಲ್ಲಿ ಓಡುವಂತೆ ಹಾಕಿ. ಎಸಿ ಬಿಟ್ಟು ಬೇರೇನೂ ಓಡಬಾರದು.

ಇನ್ನೊಂದು ಕಾರಣ ವೋಲ್ಟೇಜ್. ಹಳೆಯ ಪಾರ್ಕುಗಳಲ್ಲಿ ಮಧ್ಯಾಹ್ನ ಎಲ್ಲರ ಎಸಿಯೂ ಓಡುವಾಗ ವೋಲ್ಟೇಜ್ ಇಳಿಯುತ್ತೆ, ಕಂಪ್ರೆಸರ್ ಬಿಸಿಯಾಗಿ ನಿಲ್ಲುತ್ತೆ. ಇದಕ್ಕೆ ಇಎಂಎಸ್ ಅನ್ನುವ ಸಾಧನ ಹಾಕಿಕೊಳ್ಳುತ್ತಾರೆ. ವೋಲ್ಟೇಜ್ ಸುಮಾರು 104ಕ್ಕಿಂತ ಕೆಳಗಿಳಿದರೆ ಅದು ಲೈನನ್ನೇ ಕತ್ತರಿಸುತ್ತೆ. ಎಸಿ ಉಳಿಯಿತು, ಸರಿ. ಒಳಗಿರುವ ನಾಯಿಯ ಗತಿ? ಇದು ಹೊಸಬರಿಗೆ ಹೊಳೆಯುವುದಿಲ್ಲ. ಹಾಕಿಕೊಳ್ಳಿ, ಆದರೆ ಅದು ಗಾಡಿಯ ಕಾವಲು ಮಾತ್ರ ಅಂತ ನೆನಪಿರಲಿ.

ಪಾರ್ಕಿಗೆ ಹೋದ ಕೂಡಲೇ ಒಂದು ಪರೀಕ್ಷೆ ಮಾಡಿ. ಎಸಿ ಓಡುತ್ತಿರುವಾಗಲೇ ಗಾಡಿಗೆ ಕರೆಂಟ್ ಕೊಡುವ ಹೊರಗಿನ ಕಂಬದ ಬ್ರೇಕರ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ, ಮತ್ತೈದು ನಿಮಿಷ ಕಾಯಿರಿ. ಎಸಿ ತಾನಾಗಿಯೇ ಶುರುವಾಯಿತಾ? ಕೆಲವು ಡಿಜಿಟಲ್ ಥರ್ಮೋಸ್ಟಾಟ್‌ಗಳು ಆಫ್ ಆದದ್ದು ಆಫ್ ಆಗಿಯೇ ಉಳಿಯುತ್ತವೆ. ನಿಮ್ಮದು ಆ ಜಾತಿಯದಾದರೆ ನಾಯಿಯನ್ನು ಒಂಟಿಯಾಗಿ ಬಿಡಲೇಬೇಡಿ. ಥರ್ಮೋಸ್ಟಾಟ್ 75 ಡಿಗ್ರಿ ಫ್ಯಾರನ್‌ಹೀಟ್‌ಗೆ, ಫ್ಯಾನ್ ಹೈನಲ್ಲಿ ಇರಲಿ. ಬೇಗ ತಂಪಾಗಲಿ ಅಂತ 60ಕ್ಕೆ ಇಳಿಸಿ ಫ್ಯಾನ್ ಕಡಿಮೆ ಇಟ್ಟರೆ ಕಾಯಿಲ್ ಮೇಲೆ ಹಿಮ ಕಟ್ಟಿ ಗಾಳಿಯೇ ಬರದಂತಾಗುತ್ತೆ. ಫಿಲ್ಟರ್ ತೆಗೆದು ನೋಡಿ, ಬಾಡಿಗೆ ಗಾಡಿಯಲ್ಲಿ ಹಿಂದಿನವರ ನಾಯಿಯ ಕೂದಲು ಸಿಕ್ಕರೆ ಆಶ್ಚರ್ಯವಿಲ್ಲ.

ದೂರದಿಂದ ನೋಡಲು ವೈಫೈ ಕ್ಯಾಮೆರಾ ಇಡ್ತೀವಿ ಅಂತೀರಿ. ಕರೆಂಟ್ ಹೋದಾಗ ವೈಫೈಯೂ ಹೋಗುತ್ತೆ. ಸ್ವಂತ ಬ್ಯಾಟರಿ, ಸ್ವಂತ ಸಿಮ್ ಇರುವ ತಾಪಮಾನ ಮಾನಿಟರ್ ತಗೊಳ್ಳಿ, 80 ಡಿಗ್ರಿ ದಾಟಿದರೆ ಮೆಸೇಜ್ ಬರುವಂತೆ ಇಡಿ. ತಿಂಗಳ ಚಂದಾ ಇರುತ್ತೆ, ಕೊಡಿ. ಕಣಿವೆಯ ಒಳಗೆ ಇಳಿದವರಿಗೆ ಸಿಗ್ನಲ್ ಸಿಗುವುದು ಅಪರೂಪ, ಆ ಮೆಸೇಜ್ ಬಂದೂ ಪ್ರಯೋಜನವಿಲ್ಲ. ಇಪ್ಪತ್ತು ನಿಮಿಷದಲ್ಲಿ ಗಾಡಿಗೆ ವಾಪಸಾಗುವಷ್ಟು ದೂರದಲ್ಲಿದ್ದರೆ ಮಾತ್ರ ನಾಯಿಯನ್ನು ಒಂಟಿಯಾಗಿ ಬಿಡಿ. ಪಾರ್ಕಿನ ನಿಯಮವನ್ನೂ ಓದಿ, ಅದಕ್ಕೂ ಬಿಡದ ಪಾರ್ಕುಗಳು ಬಹಳ.

ಈಗ ದಾರಿ. ನಿಮ್ಮ ದಾರಿಯ ಕಷ್ಟದ ಭಾಗ ಬಾರ್‌ಸ್ಟೋದಿಂದ ನೀಡಲ್ಸ್‌ವರೆಗಿನ ಐ-40 ಹೆದ್ದಾರಿ, ಮೊಹಾವಿ ಮರುಭೂಮಿ. ಜುಲೈ ಮಧ್ಯಾಹ್ನ ನೀಡಲ್ಸ್‌ನಲ್ಲಿ 115 ಡಿಗ್ರಿ, ಅಂದರೆ 46 ಸೆಲ್ಸಿಯಸ್, ಮಾಮೂಲು. ಟೆಹಾಚಪಿಯಲ್ಲಿ ರಾತ್ರಿ ತಂಗಿ, ಸುಮಾರು 4,000 ಅಡಿ ಎತ್ತರ, ತಣ್ಣಗಿರುತ್ತೆ. ಬೆಳಗಿನ ನಾಲ್ಕಕ್ಕೆ ಹೊರಟರೆ ಒಂಬತ್ತರ ಹೊತ್ತಿಗೆ ನೀಡಲ್ಸ್ ದಾಟಬಹುದು. ಮುಂದೆ ಕಿಂಗ್‌ಮನ್‌ನಿಂದ ಏರುತ್ತಾ ಹೋಗುತ್ತೆ, ಸೌತ್ ರಿಮ್, ಅಂದರೆ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದ ಅಂಚು, ಸುಮಾರು 7,000 ಅಡಿ.

ಓಡುವಾಗ ಡ್ಯಾಶ್‌ಬೋರ್ಡಿನ ಎಸಿ ಗಾಡಿಯ ಹಿಂಭಾಗಕ್ಕೆ ತಲುಪುವುದಿಲ್ಲ. ಜನರೇಟರ್ ಹಾಕಿ ಛಾವಣಿಯ ಎಸಿ ಓಡಿಸಿಕೊಂಡೇ ಹೋಗಿ. ಬಾಡಿಗೆ ಒಪ್ಪಂದದಲ್ಲಿ ಜನರೇಟರಿಗೆ ಗಂಟೆಯ ಲೆಕ್ಕದಲ್ಲಿ ಹಣ ಇರಬಹುದು, ಅಲ್ಲಿ ಜಿಪುಣತನ ಬೇಡ. ಅದು ಗಾಡಿಯ ಟ್ಯಾಂಕಿನಿಂದಲೇ ಪೆಟ್ರೋಲ್ ಎಳೆದು, ಸುಮಾರು ಕಾಲು ಟ್ಯಾಂಕ್ ಉಳಿದಾಗ ನಿಂತುಬಿಡುತ್ತೆ, ಆದ್ದರಿಂದ ಅರ್ಧಕ್ಕೆ ಬಂದಾಗಲೇ ತುಂಬಿಸಿ. ಮುಂದಿನ ಎರಡು ಸೀಟುಗಳ ನಡುವಿನ ಎಂಜಿನ್ ಮುಚ್ಚಳದ ಪಕ್ಕದ ನೆಲ ಚೆನ್ನಾಗಿ ಕಾಯುತ್ತೆ, ನಾಯಿಯ ಹಾಸಿಗೆ ಅಲ್ಲಿ ಬೇಡ. ಹಿಂದಿನ ಸೀಟಿಗೆ ಬೆಲ್ಟ್ ಹಾಕಿದ ಹಾರ್ನೆಸ್, ಇಲ್ಲವೇ ಬಿಗಿಯಾಗಿ ಕಟ್ಟಿದ ಕ್ರೇಟ್ ಒಳ್ಳೆಯದು.

ಪಗ್ ಆದ್ದರಿಂದ ಹೆಚ್ಚು ಎಚ್ಚರ. ಚಪ್ಪಟೆ ಮೂತಿಯ ನಾಯಿಗೆ ತೇಕುವುದರಿಂದ ಮೈ ತಂಪಾಗುವುದು ಕಡಿಮೆ. ಕಿಲೋಗೆ ದಿನಕ್ಕೆ ಸುಮಾರು 60 ಮಿಲಿ ನೀರು ಬೇಕು, ಬಿಸಿಲಲ್ಲಿ ಇನ್ನೂ ಜಾಸ್ತಿ. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು. ಗುದದ್ವಾರದ ಥರ್ಮಾಮೀಟರ್ ಜೊತೆಗಿರಲಿ. ನಾಯಿಯ ಸಹಜ ಉಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ವಿಪರೀತ ತೇಕು, ಕಡುಕೆಂಪು ವಸಡು, ದಪ್ಪ ಜೊಲ್ಲು, ವಾಂತಿ, ತೂರಾಟ ಕಂಡರೆ ಮೊದಲು ತಂಪು ಮಾಡಿ, ಆಮೇಲೆ ವೈದ್ಯರಲ್ಲಿಗೆ. ಮೈಯೆಲ್ಲ ನೆನೆಯುವಂತೆ ತಣ್ಣೀರು ಸುರಿದು ಫ್ಯಾನ್ ಬಿಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಶಾಖ ಒಳಗೇ ನಿಲ್ಲುತ್ತೆ. 103.5ಕ್ಕೆ ಇಳಿದಾಗ ನೀರು ನಿಲ್ಲಿಸಿ. ಫ್ಲ್ಯಾಗ್‌ಸ್ಟಾಫ್ ಸೌತ್ ರಿಮ್‌ನಿಂದ ಸುಮಾರು 80 ಮೈಲಿ, ಅಲ್ಲಿನ ತುರ್ತು ಪಶುವೈದ್ಯರ ನಂಬರ್ ಈಗಲೇ ಫೋನಿಗೆ ಹಾಕಿಕೊಳ್ಳಿ.

ಸೌತ್ ರಿಮ್‌ನಲ್ಲಿ ಟ್ರೇಲರ್ ವಿಲೇಜ್ ಬುಕ್ ಮಾಡಿ, ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕಿನೊಳಗೆ ಕರೆಂಟ್ ಸಂಪರ್ಕ ಇರುವುದು ಅಲ್ಲಿ. ಮ್ಯಾಥರ್ ಕ್ಯಾಂಪ್‌ಗ್ರೌಂಡಲ್ಲಿ ಕರೆಂಟ್ ಇಲ್ಲ, ಜನರೇಟರಿಗೂ ದಿನದಲ್ಲಿ ಕೆಲವೇ ಗಂಟೆ ಅನುಮತಿ. ಆರಡಿಯೊಳಗಿನ ಹಗ್ಗದಲ್ಲಿದ್ದರೆ ನಾಯಿಗೆ ರಿಮ್ ಮೇಲಿನ ದಾರಿಗಳಿಗೆ ಪ್ರವೇಶವಿದೆ. ಕಣಿವೆಗೆ ಇಳಿಯುವ ದಾರಿಗೂ ಪಾರ್ಕಿನ ಬಸ್ಸಿಗೂ ಇಲ್ಲ. ನೀವಿಬ್ಬರೂ ಕೆಳಗೆ ಇಳಿಯುವುದಾದರೆ ಸೌತ್ ರಿಮ್‌ನಲ್ಲೇ ಕೆನಲ್ (ಹಣ ಕೊಟ್ಟು ನಾಯಿ ಬಿಟ್ಟುಹೋಗುವ ಜಾಗ) ಇದೆ, ಮೊದಲೇ ಜಾಗ ಕಾಯ್ದಿರಿಸಿ, ಲಸಿಕೆಯ ದಾಖಲೆ ಒಯ್ಯಿರಿ. ಇಡೀ ದಿನದ ಚಾರಣಕ್ಕೆ ಅದೇ ಸರಿ, ಆರ್‌ವಿ ಅಲ್ಲ.

ವಾಪಸ್ ಬರುವಾಗ ಯೂಟಾದ ಝೈಯನ್ ನ್ಯಾಷನಲ್ ಪಾರ್ಕ್ ನೋಡುವ ಮನಸ್ಸಿದ್ದರೆ, ಅಲ್ಲಿ ನಾಯಿಗೆ ತೆರೆದಿರುವ ಟ್ರೇಲ್ ಪಾರಸ್ ಒಂದೇ. ಅದು ವರ್ಜಿನ್ ನದಿಯ ದಡದಲ್ಲೇ ಸಾಗುತ್ತೆ. ಆ ನದಿಯಲ್ಲಿ 2020ರಲ್ಲಿ ವಿಷಕಾರಿ ಸಯನೋಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ನಾಯಿಯನ್ನು ನೀರಿಗೆ ಇಳಿಸಬೇಡಿ, ಕುಡಿಯಲೂ ಬಿಡಬೇಡಿ, ಬಾಟಲಿ ನೀರು ಕೈಯಲ್ಲಿರಲಿ.