ಗೊಬ್ಬರಕ್ಕಿಂತ ಮೊದಲು ಬಸಿಗಾಲುವೆ

ಕೊಡಗಿನ ಪೊನ್ನಂಪೇಟೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಆರು ವರ್ಷ ಪಾಳು ಬಿದ್ದಿದ್ದ ಒಂದು ಎಕರೆ ಗದ್ದೆಗೆ ನಾಟಿಗೆ ನಾಲ್ಕು ದಿನ ಮುಂಚೆ ಎರಡು ಟ್ರ್ಯಾಕ್ಟರ್ ಹಸಿ ಸಗಣಿ ಹಾಕಿಸಿದೆ. ತಿಂಗಳೊಳಗೆ ಪೈರು ಕಂದಿತು, ನೀರಿನ ಮೇಲೆ ಕೆಂಪು ಪೊರೆ ಕಟ್ಟಿತು. ಇನ್ನೆಷ್ಟು ಗೊಬ್ಬರ ಬೇಕು?’

ಉತ್ತರ: ಸದ್ಯಕ್ಕೆ ಒಂದು ಬುಟ್ಟಿಯೂ ಬೇಡ. ಆ ಪೊರೆ ಕಬ್ಬಿಣದ್ದು. ನಮ್ಮ ಮಣ್ಣು ಹುಳಿ (ಆಮ್ಲೀಯ). ಮೇಲಿನ ಕಾಫಿ ತೋಟದ ಇಳಿಜಾರಿನಿಂದ ಜಿನುಗುವ ನೀರು ಕಬ್ಬಿಣವನ್ನು ಗದ್ದೆಗೆ ಇಳಿಸುತ್ತದೆ. ನೀರು ನಿಂತಲ್ಲಿ ಹಸಿ ಸಗಣಿ ಕೊಳೆಯತೊಡಗಿದರೆ ಮಣ್ಣಿನಲ್ಲಿ ಉಳಿದಿದ್ದ ಆಮ್ಲಜನಕವೂ ಖಾಲಿಯಾಗಿ, ಕಬ್ಬಿಣ ಕರಗಿ ಬೇರಿಗೆ ಹತ್ತುತ್ತದೆ. ಒಂದು ಬುಡ ಕಿತ್ತು ನೋಡಿ. ಬೇರಿಗೆ ದಪ್ಪ ತುಕ್ಕು ಹಿಡಿದಿದ್ದರೆ ಕಬ್ಬಿಣದ ಕಾಟ. ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕದ ವಿಷ ಅನಿಲವೂ ಸೇರಿದೆ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಗುದ್ದಲಿಯಿಂದ. ಇಳಿಜಾರು ಗದ್ದೆಗೆ ಸೇರುವ ಅಂಚಿನುದ್ದಕ್ಕೂ ಒಂದಡಿ ಅಗಲ, ಒಂದೂವರೆ ಅಡಿ ಆಳದ ಬಸಿಗಾಲುವೆ ತೆಗೆದು, ಜಿನುಗು ನೀರನ್ನು ಗದ್ದೆಗೆ ಬಿಡದೆ ನೇರ ತೋಡಿಗೆ ಹಾಯಿಸಿ. ಇದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾಡಿದರೂ ಫಲವಿಲ್ಲ.

ಹುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಕೂಡಲೇ, ಮಣ್ಣಿನ ಪಸೆ ಆರುವ ಮೊದಲು, ಭತ್ತದ ಹುಲ್ಲಿನ ಒಂದು ಪಾಲನ್ನಾದರೂ ಕೂಳೆಯೊಂದಿಗೆ ಉತ್ತು ಮಗುಚಿ. ಒಂದು ಟನ್ ಹುಲ್ಲಿನಲ್ಲಿ 12ರಿಂದ 17 ಕಿಲೋ ಪೊಟ್ಯಾಸಿಯಂ ಸತ್ವವಿದೆ. ಕಬ್ಬಿಣದ ಹೊಡೆತ ತಡೆಯಲು ಪೈರಿಗೆ ಬೇಕಾದದ್ದೇ ಅದು. ಎಲ್ಲವನ್ನೂ ಮಾರಿಬಿಡುವುದು ದೊಡ್ಡ ನಷ್ಟ. ಆದರೆ ಇದೇ ಹುಲ್ಲನ್ನು ಜೂನ್‌ನಲ್ಲಿ ಸೇರಿಸಿದರೆ ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ಹೀರಿ ಪೈರು ಹಳದಿಯಾಗುತ್ತದೆ.

ಬೇಸಿಗೆಯಲ್ಲಿ ಎಂಟು–ಹತ್ತು ಕಡೆ ಆರಿಂಚು ಆಳದ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋವನ್ನು ಪರೀಕ್ಷೆಗೆ ಕೊಡಿ. ಸುಣ್ಣದ ಪ್ರಮಾಣ ಅದರ ಮೇಲೆ ನಿಲ್ಲಲಿ. ನೀರು ನಿಂತಾಗ ಹುಳಿ ತಾನಾಗಿಯೇ ಸ್ವಲ್ಪ ತಗ್ಗುವುದರಿಂದ ಅತಿಯಾಗಿ ಹಾಕಬೇಡಿ. ರಂಜಕ ಕಡಿಮೆಯಿದ್ದರೆ ಶಿಲಾರಂಜಕ (ರಾಕ್ ಫಾಸ್ಫೇಟ್) ಸಾಕು, ಹುಳಿ ಮಣ್ಣಿನಲ್ಲಿ ಅದು ಚೆನ್ನಾಗಿ ಕರಗುತ್ತದೆ.

ಭರಣಿ ಮಳೆ ಬಿದ್ದಾಗ ಎಕರೆಗೆ 10–12 ಕಿಲೋ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಬೀಜ ಚೆಲ್ಲಿ. ಸೆಣಬು ಬೇಡ, ನಿಂತ ನೀರನ್ನು ಅದು ತಡೆಯದು. ಬಿಡಾಡಿ ದನ ಬಾರದಂತೆ ಬೇಲಿ ಇರಲಿ. 40–45 ದಿನಕ್ಕೆ, ಹೂವಿಗೆ ಮುಂಚೆ, ಕಾಂಡ ಇನ್ನೂ ಎಳೆಯದಾಗಿರುವಾಗಲೇ ಉಳುಮೆ ಮಾಡಿ ಮಗುಚಿ. ಸೊಪ್ಪು ಕೊಳೆಯಲು ಹತ್ತು ದಿನವಾದರೂ ಕೊಟ್ಟು ಆಮೇಲೆ ನಾಟಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಕರೆಗೆ ನಾಲ್ಕು ಟನ್, ಅದೂ ನಾಟಿಗೆ ಎರಡು–ಮೂರು ವಾರ ಮುಂಚೆ.

ನಾಟಿಯಾದ ತಿಂಗಳಿಗೆ ಮಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುವವರೆಗೆ ನೀರು ಬಸಿಯಿರಿ. ಆಗಸ್ಟ್ ಮಳೆ ಅದಕ್ಕೆ ಬಿಡದಿದ್ದರೆ ಮಡೆ (ಬದುವಿನಲ್ಲಿ ನೀರು ಹೋಗುವ ಕಂಡಿ) ತೆರೆದಿಟ್ಟು ಹಳೆ ನೀರು ಹರಿದುಹೋಗುವಂತೆ ಮಾಡಿದರೂ ಬೇರಿಗೆ ಉಸಿರು ಸಿಗುತ್ತದೆ. ಮುಂದಿನ ಬೆಳೆಯ ಹೊತ್ತಿಗಲ್ಲ, ಎರಡು–ಮೂರು ಬೆಳೆ ಕಳೆದ ಮೇಲೆ ಮತ್ತೆ ಒಂದು ಬುಡ ಕಿತ್ತು ನೋಡಿ. ಹೊಸ ಬೇರು ಬೆಳ್ಳಗಿದ್ದರೆ ಗದ್ದೆ ಚೇತರಿಸಿಕೊಳ್ಳುತ್ತಿದೆ.

— ಸಂಪಾದಕ