ನೀರಿನ ದಂಡೇಲಿರೋ ಹಳೇ ಮನೆ, ವಿಷ ಇಟ್ರೂ ಇಲಿ ಯಾಕೆ ಮತ್ತೆ ಮತ್ತೆ ಬರ್ತಾವೆ?

ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಮುಂದೆ ಹೋಗೋಕೆ ಮನಸ್ಸಾಗ್ಲಿಲ್ಲ, ಯಾಕಂದ್ರೆ ಹೆಚ್ಚೂಕಮ್ಮಿ ಇದೇ ಗೋಳನ್ನ ನಾನು ಎರಡು ವರ್ಷ ಅನುಭವಿಸಿದೀನಿ. ನೀವು ಹೇಳಿರೋದು ಇಷ್ಟು: ನೀರಿಗೆ ಬೆನ್ನು ಹಾಕಿರೋ ಹಳೇ ಮನೆ, ಅಕ್ಕಪಕ್ಕದ ಮನೆಗಳೂ ಅಷ್ಟೇ ಹಳೇವು, ಪಾಷಾಣ ಇಟ್ಟಾಗ ಒಂದು ತಿಂಗಳು ಸದ್ದಡಗುತ್ತೆ, ಆಮೇಲೆ ಮತ್ತೆ ಶುರು, ಮನೇಲಿ ಅಂಬೆಗಾಲಿಡೋ ಮಗು ಬೇರೆ ಇದೆ. ಮೊದಲು ಒಂದು ಕೆಲಸ ಮಾಡಿ, ಮಗು ಕೈಗೆ ಸಿಗೋ ಕಡೆ ಇಟ್ಟಿರೋ ವಿಷ ಎಲ್ಲಾ ಇವತ್ತೇ ಗ್ಲೌಸ್ ಹಾಕ್ಕೊಂಡು ತೆಗೀರಿ. ಉಳಿದಿದ್ದು ಆಮೇಲೆ ಓದಿ.

ವಿಷದಿಂದ ಯಾಕೆ ಮುಗಿಯಲ್ಲ ಅಂದ್ರೆ, ನಿಮ್ಮ ಮನೆ ಇಲಿಗಳು ನಿಮ್ಮ ಮನೇಲೇ ಹುಟ್ಟಿ ಬೆಳೆದವಲ್ಲ. ದಂಡೆ ಉದ್ದಕ್ಕೂ ಕಟ್ಟಿರೋ ಕಲ್ಲಿನ ಸಂದಿಗಳಲ್ಲಿ, ದೋಣಿ ಕಟ್ಟೋ ಕಟ್ಟೆ ಕೆಳಗೆ, ಪೊದೆ ಬುಡದಲ್ಲಿ ಅವು ಸಂಸಾರ ಮಾಡ್ಕೊಂಡಿರ್ತಾವೆ, ಇಲ್ಲಿ ಹತ್ತು ಸತ್ರೆ ಜಾಗ ಖಾಲಿ ಆಯ್ತು ಅಂತ ಅಲ್ಲಿಂದ ಇನ್ನು ಹತ್ತು ಬರ್ತಾವೆ. ಹೆಣ್ಣಿಲಿ ಗಬ್ಬ ಆಗಿ 3 ವಾರ ಕಳೀತಿದ್ದ ಹಾಗೆ ಮರಿ ಹಾಕುತ್ತೆ, ಒಂದೊಂದು ಸಲಕ್ಕೆ 6ರಿಂದ 12 ಮರಿ, ಆ ಮರಿಗಳು 2-3 ತಿಂಗಳಿಗೆ ತಾವೂ ಮರಿ ಹಾಕೋಕೆ ರೆಡಿ ಆಗಿರ್ತಾವೆ. ಇಡೀ ದಂಡೆ ಇಲಿ ಖಾಲಿ ಮಾಡೋದು ನಮ್ಮ ನಿಮ್ಮ ಕೈಲಿ ಆಗೋ ಮಾತಲ್ಲ. ಮನೆ ಒಳಗೆ ಬರೋ ದಾರಿ ಮುಚ್ಚೋದು ಮಾತ್ರ ಆಗುತ್ತೆ, ಅದನ್ನ ಸರಿಯಾಗಿ ಮಾಡಿದ್ರೆ ಸಾಕೂ ಸಾಕು.

ದಾರಿ ಹುಡುಕೋಕೆ ಮುಂಚೆ ಯಾವ ಇಲಿ ಅಂತ ತಿಳ್ಕೋಬೇಕು. ಹಿಕ್ಕೆ ನೋಡಿ. ಸುಮಾರು 2 ಸೆಂಟಿಮೀಟರ್ ಉದ್ದ, ಎರಡೂ ತುದಿ ಮೊಂಡು, ಕ್ಯಾಪ್ಸೂಲ್ ಮಾತ್ರೆ ಥರ ಇದ್ರೆ ಅದು ಕಂದು ಬಣ್ಣದ ದಪ್ಪ ಇಲಿ, ಇಂಗ್ಲಿಷಲ್ಲಿ ನಾರ್ವೆ ರ‍್ಯಾಟ್ ಅಂತಾರಲ್ಲ ಅದು, ಬಾಲ ಮೈಗಿಂತ ಗಿಡ್ಡ, ನೆಲ ತೋಡುತ್ತೆ, ಮೋರೀಲಿ ಓಡಾಡುತ್ತೆ, ಮೀನಿನ ಥರ ಈಜುತ್ತೆ. ಸ್ವಲ್ಪ ಚಿಕ್ಕದು, ತುದಿ ಚೂಪು ಅಂದ್ರೆ ಸೂರಿನ ಇಲಿ, ಬಾಲ ಮೈಗಿಂತ ಉದ್ದ, ಮರ, ವೈರು, ಪೈಪು ಹಿಡ್ಕೊಂಡು ಮೇಲಿಂದಲೇ ಬರುತ್ತೆ. ಅಕ್ಕಿ ಕಾಳಿನಷ್ಟೇ ಇದ್ರೆ ಪುಟ್ಟ ಇಲಿ. ಇದು ಯಾಕೆ ಮುಖ್ಯ ಅಂದ್ರೆ ಕಂದು ಇಲಿ ಆದ್ರೆ ನೆಲದಲ್ಲಿ ತೂತು ಹುಡುಕಬೇಕು, ಸೂರಿನ ಇಲಿ ಆದ್ರೆ ಸೂರಲ್ಲಿ. ನಾನು ಆರು ತಿಂಗಳು ಸೂರಲ್ಲಿ ಹುಡುಕಿದೆ, ಬರ್ತಿದ್ದಿದ್ದು ಕೆಳಗಿಂದ. ರಾತ್ರಿ ಅಟ್ಟದ ಮೇಲೆ ಸದ್ದು ಕೇಳಿಸ್ತಿತ್ತು ಅಂತ ಮೋಸ ಹೋದೆ, ಅವು ಗೋಡೆ ಒಳಗಿನ ಟೊಳ್ಳಲ್ಲಿ ಹತ್ತಿ ಹೋಗ್ತಿದ್ವು.

ಗೊತ್ತಾಗಿದ್ದು ಹೇಗೆ ಅಂದ್ರೆ ಟಾಲ್ಕಂ ಪೌಡರಿಂದ. ಒಂದಿನ ಸಾಯಂಕಾಲ ಎಲ್ಲಾ ಬಾಗಿಲು, ಮೂಲೆ, ಪೈಪು ಒಳಗೆ ಬರೋ ಕಡೆ ತೆಳ್ಳಗೆ ಪೌಡರ್ ಉದುರಿಸಿ ಮಲಗಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಬಾಗಿಲ ಹತ್ರ ಏನೂ ಇಲ್ಲ, ಹಿಂದಿನ ಉಪಯೋಗಿಸದೇ ಬಿಟ್ಟಿದ್ದ ಬಚ್ಚಲ ಮೂಲೇಲಿ ಮಾತ್ರ ಪೌಡರ್ ಒದ್ದೆಯಾಗಿ ಉಂಡೆ ಉಂಡೆ ಆಗಿತ್ತು, ಅದರ ನಡುವೆ ಪುಟ್ಟ ಪುಟ್ಟ ಬೆರಳಿನ ಗುರುತು, ಎರಡು ಸಾಲು ಹೆಜ್ಜೆ ಮಧ್ಯ ಬಾಲ ಎಳ್ಕೊಂಡು ಹೋದ ಗೆರೆ. ಮಳೆ ಇರ್ಲಿಲ್ಲ, ನೆಲ ಒಣಗಿತ್ತು, ಇಲಿ ಒಂದೇ ನೆನೆದು ಬಂದಿತ್ತು. ಅಂದ್ರೆ ನೀರಲ್ಲಿ ಈಜಿ ಬಂದಿದೆ. ಮೋರಿ ಜಾಲರಿ ನೋಡಿದ್ರೆ ಗಟ್ಟಿಯಾಗಿ ಕೂತಿತ್ತು, ಅದಕ್ಕೇ ಅದರ ಮೇಲೆ ನಮಗೆ ಯಾವತ್ತೂ ಅನುಮಾನ ಬಂದಿರ್ಲಿಲ್ಲ. ಜಾಲರಿ ಪಕ್ಕದ ಕಲ್ಲು ಅಲ್ಲಾಡಿಸಿದೆ, ಎದ್ದು ಬಂತು. ಕೆಳಗೆ ಹಳೇ ಮಣ್ಣಿನ ಪೈಪಿನ ಜಾಯಿಂಟ್ ಬಾಯಿ ಬಿಟ್ಟಿತ್ತು, ಸುತ್ತ ಮಣ್ಣು ಕೊಚ್ಚಿಕೊಂಡು ಹೋಗಿ ನನ್ನ ಮುಂಗೈ ಪೂರ್ತಿ ಹೋಗೋವಷ್ಟು ಗುಹೆ, ಅದರೊಳಗೆ ಹರಿದ ಪ್ಲಾಸ್ಟಿಕ್ಕು, ನಮ್ಮದೇ ಮನೆ ಬಟ್ಟೆ ಚೂರು. ಪೈಪಿನ ಇನ್ನೊಂದು ತುದಿ ಸೀದಾ ದಂಡೆ ಗೋಡೇಲಿ ನೀರಿಗೆ ತೆರ‍್ಕೊಂಡಿತ್ತು.

ಹಂಗಾಗಿ ನಿಮ್ಮ ಮನೇಲಿ ಮೊಟ್ಟಮೊದಲು ಮೋರಿ ಪೈಪು ನೋಡಿ ಅಂತ ಕೈ ಮುಗಿದು ಹೇಳ್ತೀನಿ. ಹಳೇ ಮನೆಗಳಲ್ಲಿ ಕಾಲಕಾಲಕ್ಕೆ ಬಚ್ಚಲು ಅಡುಗೆಮನೆ ಜಾಗ ಬದಲಾಗಿರುತ್ತೆ, ಆದ್ರೆ ಹಳೇ ಪೈಪನ್ನ ಯಾರೂ ಮುಚ್ಚಿರಲ್ಲ, ನೆಲದ ಕೆಳಗೆ ಹಂಗೇ ಬಿಟ್ಟಿರ್ತಾರೆ. ಪ್ಲಂಬರ್‌ನ ಕರೆಸಿ ಪೈಪೊಳಗೆ ಕ್ಯಾಮೆರಾ ಬಿಡಿಸಿ, ದುಡ್ಡು ಖರ್ಚಾಗುತ್ತೆ ಆದ್ರೆ ನಾನು ವಿಷಕ್ಕೆ ಸುರಿದಿದ್ದಕ್ಕೆ ಹೋಲಿಸಿದ್ರೆ ಇದು ಸಾರ್ಥಕ. ಉಪಯೋಗಿಸದ ಪೈಪನ್ನ ಎರಡೂ ತುದೀಲಿ ಸಿಮೆಂಟ್ ಹಾಕಿ ಬಂದ್ ಮಾಡಿಸಿ. ಉಪಯೋಗದಲ್ಲಿರೋದಕ್ಕೆ ನೀರು ಹೊರಗೆ ಹೋಗುವಾಗ ಮಾತ್ರ ತೆರ‍್ಕೊಳ್ಳೋ ಫ್ಲಾಪ್ ವಾಲ್ವ್ ಹಾಕಿಸಿ. ಟಾಯ್ಲೆಟ್ ಬೆಂಡಲ್ಲಿ ನೀರು ನಿಂತಿರುತ್ತಲ್ಲ, ಅದು ವಾಸನೆ ತಡೆಯುತ್ತೆ, ಇಲಿ ತಡೆಯಲ್ಲ, ಈ ಕಂದು ಇಲಿ ಉಸಿರು ಕಟ್ಟಿ ಮುಳುಗಿ ಆ ಬೆಂಡ್ ದಾಟಿ ಕಮೋಡ್ ಒಳಗಿಂದಲೇ ಬರಬಲ್ಲದು.

ಪೈಪು ಆದ್ಮೇಲೆ ಗೋಡೆ. ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ನಮ್ಮದು ಸುಣ್ಣದ ಗಾರೆ ಗೋಡೆ, ಕಲ್ಲಿನ ಸಂದೀಲಿ ಗಾರೆ ಉದುರಿ ತೂತಾಗಿತ್ತು, ನಾನು ಒಳ್ಳೇ ಗಟ್ಟಿ ಸಿಮೆಂಟ್ ಕಲಸಿ ಮೆತ್ತಿದೆ. ಒಂದು ಮಳೆಗಾಲ ಕಳೀತು, ಗೋಡೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ಲದೆ ಸಿಮೆಂಟ್ ಹಿಂದೆ ಸೇರ‍್ಕೊಂಡು, ಆ ತೇಪೆ ಸುತ್ತಲಿನ ಗಾರೇನೂ ಕಿತ್ಕೊಂಡು ಬಿದ್ದೋಯ್ತು, ಮೊದಲಿಗಿಂತ ದೊಡ್ಡ ತೂತು. ಹಳೇ ಮನೆ ಕೆಲಸ ಗೊತ್ತಿರೋ ಮೇಸ್ತ್ರಿ ಒಬ್ರು ಬಂದು ಸರಿ ಮಾಡಿದ್ರು: ತೂತಿನ ಆಳಕ್ಕೆ ಮೊದಲು ಸ್ಟೀಲ್ ಮೆಶ್, ಅಂದ್ರೆ ಸಣ್ಣ ಕಣ್ಣಿನ ಜಾಲರಿ, ತುರುಕಿ, ಮೇಲೆ ಕಲ್ಲಿನ ಚಕ್ಕೆ ಸೇರಿಸಿದ ಸುಣ್ಣದ ಗಾರೆ. ಗಾರೆ ಮೆತ್ತಗಿದ್ರೂ ಒಳಗಿನ ಮೆಶ್ ಹಲ್ಲಿಗೆ ಸಿಕ್ಕಿ ಇಲಿ ಬಿಟ್ಟು ಹೋಗುತ್ತೆ. ಸಂದಿಗೆ ಹೊಡೆದ್ರೆ ಉಬ್ಬಿ ಗಟ್ಟಿಯಾಗೋ ಫೋಮ್ ಸ್ಪ್ರೇ ಒಂದನ್ನೇ ನಂಬಬೇಡಿ. ಇಲಿಯ ಮುಂದಿನ ಹಲ್ಲು ಜೀವಮಾನ ಪೂರ್ತಿ ಬೆಳೀತಾನೇ ಇರುತ್ತೆ, ವರ್ಷಕ್ಕೆ 10 ಸೆಂಟಿಮೀಟರಿಗೂ ಜಾಸ್ತಿ, ಸವೆಸೋಕೆ ಅವಕ್ಕೆ ಏನಾದ್ರೂ ಕಡೀತಾನೇ ಇರಬೇಕು, ಫೋಮ್ ಅಂತೂ ಒಂದೇ ರಾತ್ರೀಲಿ ಪುಡಿ. ವೈರ್ ಕಡಿಯೋದೂ ಇದೇ ಕಾರಣಕ್ಕೆ, ಹಳೇ ವೈರಿಂಗ್ ಇದ್ರೆ ಬೆಂಕಿ ಭಯ ಇರುತ್ತೆ, ಎಲೆಕ್ಟ್ರಿಷಿಯನ್‌ಗೆ ಒಂದ್ಸಲ ತೋರಿಸಿ.

ಎಷ್ಟು ಸಣ್ಣ ತೂತು ಮುಚ್ಚಬೇಕು ಅಂತ ಕೇಳಿದ್ರೆ, ದೊಡ್ಡ ಇಲಿಗೆ 12 ಮಿಲಿಮೀಟರ್ ಸಂದು ಸಾಕು, ಪುಟ್ಟ ಇಲಿಗೆ 6, ಅಂದ್ರೆ ಒಂದು ಪೆನ್ಸಿಲ್ ತೂರಿದ್ರೆ ಅದೂ ತೂರುತ್ತೆ. ಪೆನ್ಸಿಲ್ ಹಿಡ್ಕೊಂಡೇ ಮನೆ ಸುತ್ತ ಓಡಾಡಿ. ಮೆಶ್ ತರುವಾಗ 6 ಮಿಲಿಮೀಟರಿಗಿಂತ ದೊಡ್ಡ ಕಣ್ಣಿಂದು ಬೇಡ, ಇನ್ನೊಂದು, ಉಪ್ಪು ನೀರಿನ ಗಾಳಿ ಇದ್ರೆ ಸಾದಾ ಕಬ್ಬಿಣದ ಮೆಶ್, ಸ್ಟೀಲ್ ವೂಲ್ ಎಲ್ಲಾ ತುಕ್ಕು ಹಿಡಿದು ಕೈಲಿ ಮುಟ್ಟಿದ್ರೆ ಉದುರುತ್ತೆ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ತಾಮ್ರದ ಜಾಲರೀನೇ ಹಾಕಿ. ಹಲಗೆ ನೆಲ ಇರೋ ಮನೆ ಆದ್ರೆ ನೆಲದ ಕೆಳಗೆ ಗಾಳಿ ಆಡೋಕೆ ಬಿಟ್ಟಿರೋ ಕಿಂಡಿ ಇರುತ್ತೆ, ಅದನ್ನ ಇಲಿ ಭಯಕ್ಕೆ ಪೂರ್ತಿ ಮುಚ್ಚಿಬಿಡ್ಬೇಡಿ, ತೇವ ಕೂತು ಮರ ಕೊಳೆಯುತ್ತೆ, ಮೆಶ್ ಹೊಡೀರಿ ಅಷ್ಟೇ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ. ಸೂರಿನ ಇಲಿ ಆಗಿದ್ರೆ ಛಾವಣಿ ಕಡೆ ಚಾಚಿರೋ ಕೊಂಬೆಗಳನ್ನ ಒಂದೆರಡು ಮೀಟರ್ ದೂರ ಇರೋ ಹಂಗೆ ಕಡಿಸಿ, ದೋಣಿ ಕಟ್ಟಿದ್ರೆ ಹಗ್ಗಕ್ಕೆ ದೊಡ್ಡ ತಗಡಿನ ತಟ್ಟೆ ಹಾಕ್ತಾರೆ, ಹಡಗಿಗೆ ಹಾಕೋ ಹಂಗೆ.

ಮುಚ್ಚೋ ಕೆಲಸದ ಜೊತೆಗೇ ಒಳಗೆ ಉಳಿದವಕ್ಕೆ ಬೋನು ಇಡಿ. ನೀವು ಒಂದೇ ಬೋನು ಇಟ್ಟು ಮಾರನೇ ದಿನ ಬಿದ್ದಿಲ್ಲ ಅಂತ ಬೇಜಾರಾಗಿದ್ದೀರಿ ಅನ್ಸುತ್ತೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡ್ರೆ ಭಯ, ಎಷ್ಟೋ ದಿನ ಹತ್ರಾನೇ ಬರಲ್ಲ. ನಾನು ಎಂಟು ಬೋನು ತಂದು, ನಾಲ್ಕೈದು ದಿನ ಸ್ಪ್ರಿಂಗ್ ಎಳೆಯದೇ ಬರೀ ಪೀನಟ್ ಬಟರ್ ಹಚ್ಚಿ ಇಟ್ಟೆ. ತಿಂದು ರೂಢಿ ಆಯ್ತು ಅಂತ ಗೊತ್ತಾದ ರಾತ್ರಿ ಎಂಟನ್ನೂ ಒಟ್ಟಿಗೆ ಎಳೆದಿಟ್ಟೆ, ಮೊದಲ ರಾತ್ರೀಲೇ ಮೂರು ಬಿದ್ವು. ಇಲಿ ಗೋಡೆಗೆ ಮೈ ಉಜ್ಜಿಕೊಂಡೇ ಓಡುತ್ತೆ, ನಿಮ್ಮ ಗೋಡೆ ಬುಡದಲ್ಲಿ ಜಿಡ್ಡಿನ ಕಪ್ಪು ಪಟ್ಟೆ ಇದ್ರೆ ಅದೇ ಅದರ ರಸ್ತೆ, ಬೋನನ್ನ ಅಲ್ಲಿ ಗೋಡೆಗೆ ಅಡ್ಡಡ್ಡ, ತಿಂಡಿ ಇರೋ ತುದಿ ಗೋಡೆ ಕಡೆ ಬರೋ ಹಂಗೆ ಇಡಿ. ಮಗು ಇರೋದ್ರಿಂದ ಬೀಗ ಹಾಕೋ ಡಬ್ಬದೊಳಗೆ ಇಟ್ಟು ಇಲಿ ಹೋಗೋಕೆ ಮಾತ್ರ ತೂತು ಬಿಡಿ. ಅಂಟಿನ ಹಾಳೆ ದಯವಿಟ್ಟು ಬೇಡ, ಆ ಪ್ರಾಣಿ ಗಂಟೆಗಟ್ಟಲೆ ಒದ್ದಾಡಿ ಸಾಯೋದು ನೋಡೋಕಾಗಲ್ಲ. ನಮಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುತ್ತೆ ಅಂತ ಮಾರೋ ಅಲ್ಟ್ರಾಸಾನಿಕ್ ಮಿಷಿನ್ ಬಗ್ಗೆ ಕೂಡ ಕೇಳಿದೀರಿ, ನನ್ನ ಅಭಿಪ್ರಾಯದಲ್ಲಿ ದುಡ್ಡು ದಂಡ, 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದ್ರೆ ಸುಳ್ಳು ಜಾಹೀರಾತಿನ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ, ಇದನ್ನ ತಯಾರಿಸೋ ಮಾರೋ 60ಕ್ಕೂ ಹೆಚ್ಚು ಕಂಪನಿಗಳಿಗೆ ನಿಮ್ಮ ಜಾಹೀರಾತಿಗೆ ವೈಜ್ಞಾನಿಕ ಆಧಾರ ಬೇಕು ಅಂತ ಎಚ್ಚರಿಕೆ ಕೊಟ್ಟಿತ್ತು.

ವಿಷದ ಬಗ್ಗೆ ಇನ್ನೂ ಸ್ವಲ್ಪ ಹೇಳ್ಬೇಕು. ಈಗ ಸಿಗೋದರಲ್ಲಿ ಹೆಚ್ಚಿನವು ಬ್ರೊಮಾಡಿಯೋಲೋನ್, ಬ್ರೊಡಿಫಾಕಮ್ ಥರದ್ದು, ರಕ್ತ ಹೆಪ್ಪುಗಟ್ಟದ ಹಂಗೆ ಮಾಡುತ್ತೆ, ತಿಂದ ಇಲಿ ಸಾಯೋಕೆ ಎಷ್ಟೋ ದಿನ ಹಿಡಿಯುತ್ತೆ. ಅಷ್ಟರಲ್ಲಿ ಅದು ಗೋಡೆ ಒಳಗೆ ಹೋಗಿ ಸೇರ‍್ಕೊಂಡಿರುತ್ತೆ, ನಮ್ಮ ಮಲಗೋ ಕೋಣೆ ಗೋಡೇಲಿ ಒಂದು ಹಂಗೇ ಸತ್ತು ಮೂರು ವಾರ ಆ ಕೋಣೇಲಿ ಮಲಗೋಕಾಗ್ಲಿಲ್ಲ. ಇಲ್ಲ ಹೊರಗೆ ಮಂಕಾಗಿ ಕೂತಿರೋದನ್ನ ಗೂಬೆಯೋ ಬೆಕ್ಕೋ ತಿಂದು ಅದಕ್ಕೂ ವಿಷ ಏರುತ್ತೆ, ಇಲಿ ತಿನ್ನೋ ಗೂಬೇನೇ ಹೋದ್ರೆ ನಷ್ಟ ನಮಗೇ. ದಂಡೇಲಿ ಇಟ್ಟ ವಿಷ ನೀರು ಏರಿದಾಗ ನೀರಿಗೇ ಸೇರುತ್ತೆ. ಇದೇ ಗುಂಪಿನ ಮೊದಲ ವಿಷ ವಾರ್ಫರಿನ್ 1948ರಲ್ಲಿ ಬಂತು, ಹತ್ತೇ ವರ್ಷಕ್ಕೆ, 1958ರಲ್ಲಿ, ಸ್ಕಾಟ್ಲೆಂಡಲ್ಲಿ ಅದಕ್ಕೆ ಜಗ್ಗದ ಇಲಿಗಳು ಸಿಕ್ಕಿದ್ವು. ಅಕಸ್ಮಾತ್ ಮಗು ಬಾಯಿಗೆ ಹಾಕ್ಕೊಂಡಿರಬಹುದು ಅನ್ನೋ ಅನುಮಾನ ಬಂದ್ರೂ ಸಾಕು, ಏನೂ ಆಗಿಲ್ಲವಲ್ಲ ಅಂತ ಕಾಯ್ಬೇಡಿ, ವಿಷದ ಪ್ಯಾಕೆಟ್ ಕೈಲಿ ಹಿಡ್ಕೊಂಡೇ ಆಸ್ಪತ್ರೆಗೆ ಓಡಿ. ರಕ್ತ ತೆಳು ಮಾಡೋ ವಿಷಕ್ಕೆ ವಿಟಮಿನ್ ಕೆ1 ಕೊಡ್ತಾರೆ, ಜಿಂಕ್ ಫಾಸ್ಫೈಡ್ ಅನ್ನೋ ಇನ್ನೊಂದು ಥರದ ಇಲಿ ಪಾಷಾಣ ಆದ್ರೆ ಅದಕ್ಕೆ ಪ್ರತ್ಯೇಕ ಮದ್ದೇ ಇಲ್ಲ, ಅದಕ್ಕೇ ಯಾವ ವಿಷ ಅಂತ ಡಾಕ್ಟರಿಗೆ ಗೊತ್ತಾಗೋದು ಮುಖ್ಯ.

ಹಿಕ್ಕೆ ಪೊರಕೇಲಿ ಗುಡಿಸ್ಬೇಡಿ, ಒಣ ಧೂಳು ಮೂಗಿಗೆ ಹೋಗುತ್ತೆ. ಕಿಟಕಿ ಬಾಗಿಲು ತೆಗೆದು ಅರ್ಧ ಗಂಟೆ ಬಿಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಚೆನ್ನಾಗಿ ನೆನೆಸಿ, ಐದು ನಿಮಿಷ ಆದ್ಮೇಲೆ ಗ್ಲೌಸ್ ಹಾಕ್ಕೊಂಡು ಪೇಪರಲ್ಲಿ ಒರೆಸಿ ತೆಗೀರಿ. ಮನೆ ಸುತ್ತ ನೀರು ನಿಂತಾಗ ಬರಿಗಾಲಲ್ಲಿ ಇಳೀಬೇಡಿ, ಕಾಲಲ್ಲಿ ಗಾಯ ಇದ್ರಂತೂ ಬೇಡವೇ ಬೇಡ. ಇಲಿ ಮೂತ್ರ ಸೇರಿದ ನೀರಿಂದ ಇಲಿ ಜ್ವರ, ಅಂದ್ರೆ ಲೆಪ್ಟೋಸ್ಪೈರೋಸಿಸ್ ಬರುತ್ತೆ. ನೀರಲ್ಲಿ ಓಡಾಡಿದ ಮೇಲೆ ಜ್ವರ, ಮೀನಖಂಡ ಹಿಡ್ಕೊಂಡು ನೋವು, ಕಣ್ಣು ಕೆಂಪು ಆದ್ರೆ ಡಾಕ್ಟರಿಗೆ ನೀರಲ್ಲಿ ಇಳಿದಿದ್ದು, ಮನೇಲಿ ಇಲಿ ಇರೋದು ಎರಡೂ ಹೇಳಿ, ಬೇಗ ಗೊತ್ತಾದ್ರೆ ಆಂಟಿಬಯಾಟಿಕ್‌ನಲ್ಲೇ ವಾಸಿ ಆಗುತ್ತೆ, ತಡ ಆದ್ರೆ ಕಿಡ್ನಿ ಲಿವರ್‌ಗೆ ಹೋಗುತ್ತೆ.

ಪಕ್ಕದ ಮನೆಯವರ ಜೊತೆ ಮಾತಾಡಿ, ಇದು ಸಂಕೋಚದ ವಿಷಯ ಅಲ್ಲ. ಗೋಡೆಗೆ ಗೋಡೆ ಅಂಟಿದ್ರೆ ನೀವೊಬ್ರೇ ಮುಚ್ಚಿದ್ರೆ ಅವರ ಮನೆಗೆ ಹೋಗ್ತಾವೆ, ಮತ್ತೆ ತೊಲೆ ಸಂದೀಲಿ ನಿಮ್ಮ ಕಡೆ ಬರ್ತಾವೆ. ನಾವು ನಾಲ್ಕು ಮನೆಯವರು ಸೇರಿ ಒಂದೇ ವಾರದಲ್ಲಿ ಪೈಪು, ಗೋಡೆ ಎರಡೂ ಮುಗಿಸಿದ್ವಿ, ಕಸದ ಡಬ್ಬಕ್ಕೆ ಗಟ್ಟಿ ಮುಚ್ಚಳ ಹಾಕಿದ್ವಿ, ನಾಯಿ ಬಟ್ಟಲು ರಾತ್ರಿ ಒಳಗೆ ತರೋದು ಅಂತ ಮಾಡ್ಕೊಂಡ್ವಿ, ಗೋಡೆ ಪಕ್ಕದ ಪೊದೆ ತೆಗೆಸಿದ್ವಿ. ಈಗಲೂ ದೊಡ್ಡ ಉಬ್ಬರ ಬಂದಾಗ, ಇಲ್ಲ ಜೋರು ಮಳೆಗೆ ನೀರು ಏರಿದಾಗ ದಂಡೆ ಬಿಲಗಳಿಗೆ ನೀರು ನುಗ್ಗಿ ಅವು ಮೇಲಕ್ಕೆ ಬರ್ತಾವೆ, ಆ ಮಾರನೇ ಬೆಳಿಗ್ಗೆ ನಾನು ಟಾರ್ಚ್ ಹಿಡ್ಕೊಂಡು ಮನೆ ಸುತ್ತ ಒಂದು ಸುತ್ತು ಹಾಕ್ತೀನಿ. ಹೊಸ ತೂತು ಕಂಡ್ರೆ ಪೇಪರ್ ಉಂಡೆ ತುರುಕಿ ಎರಡು ದಿನ ನೋಡ್ತೀನಿ, ಪೇಪರ್ ಹೊರಗೆ ಬಿದ್ದಿದ್ರೆ ಅಲ್ಲಿ ಓಡಾಟ ಇದೆ ಅಂತ ಅರ್ಥ.

ಇವತ್ತು ರಾತ್ರಿ ಪೌಡರ್ ಉದುರಿಸಿ ನೋಡಿ. ಮಗು ಮಲಗಿದ ಮೇಲೆ ಹಾಕಿ, ಅದು ಏಳೋ ಮುಂಚೆ ಒರೆಸಿಬಿಡಿ. ಹೆಜ್ಜೆ ಎಲ್ಲಿಂದ ಬಂತು, ಒದ್ದೆ ಇತ್ತಾ ಒಣಗಿತ್ತಾ, ಹಿಕ್ಕೆ ಎಷ್ಟು ಉದ್ದ ಇದೆ ಅಂತ ಇಲ್ಲೇ ಕೆಳಗೆ ಬರೀರಿ, ಯಾವ ಕಡೆಯಿಂದ ಶುರು ಮಾಡ್ಬೇಕು ಅಂತ ಇನ್ನೂ ಸರಿಯಾಗಿ ಹೇಳ್ತೀನಿ.